ಪ್ರಯೋಗಶಾಲೆಯ ಆಪ್ತಗೋಷ್ಠಿ

ಸಭೆಯಲ್ಲಿ ಮಾತನಾಡುವವನು ತನ್ನ ವಿಷಯವನ್ನು ಸಂಪೂರ್ಣವಾಗಿ ಸಿದ್ಧಪಡಿಸಿಕೊಂಡು ಬರತಕ್ಕದ್ದೆಂದು ನಾವು ಬಾಲ್ಯದಿಂದಲೂ ಕೇಳಿ ಬಂದಿದ್ದೇವೆ. ನಮ್ಮ ಶಿಷ್ಯರಿಗೂ ಹಾಗೆಯೇ ಬೋಧಿಸಿದ್ದೇವೆ. ಸಿದ್ಧವಾಗದ ವಿಷಯವನ್ನೇ ಹೇಳುವುದಕ್ಕಾಗಿ ಕೂಡುವ ಸಭೆಯೂ ಉಂಟೆಂಬುದು ನಮಗೆ ಈಚೆಗೆ ತಿಳಿಯಿತು. ತಿಳಿದ ಬಗೆಯನ್ನು ವಾಚಕರಲ್ಲಿ ಬಿನ್ನವಿಸುವೆವು.

ಕುಮಾರಸ್ವಾಮಿ ಲೇಔಟಿನಲ್ಲಿ ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಭೌತವಿಜ್ಞಾನದಲ್ಲಿ ಸಂಶೋಧನೆ ನಡೆಸುತ್ತಿರುವಳು. ನಗರದ ಉತ್ತರಭಾಗದ ಪ್ರಯೋಗಶಾಲೆಯೊಂದಕ್ಕೆ ದಿನವೂ ಎರಡು ಬಸ್ಸು ಬದಲಿಸಿ ಹೋಗಿ ಬರುವಳು. ಲೇಸರ್ ಬೆಳಕಿನಿಂದ ಪರಮಾಣುಗಳ ವೇಗವನ್ನು ತಗ್ಗಿಸಿ ಪರೀಕ್ಷಿಸುವುದು ಆಕೆಯ ಕೆಲಸ. ಒಂದು ಸಂಜೆ ಆಕೆ ನಮ್ಮ ಜಗಲಿಯಲ್ಲಿ ಸಪ್ಪೆ ಮುಖ ಮಾಡಿಕೊಂಡು ಕುಳಿತಳು.

“ಏಕಮ್ಮಾ, ಮೈಗೆ ಸೌಖ್ಯವಿಲ್ಲವೇ?” ಎಂದೆವು.

“ನಾಡಿದ್ದು ಗೋಷ್ಠಿಯಲ್ಲಿ ನಾನು ಮಾತನಾಡಬೇಕು, ಮೇಷ್ಟ್ರೇ. ಪ್ರಯೋಗ ಇನ್ನೂ ಕೈಗೂಡಿಲ್ಲ; ಅಳತೆ ಒಂದೆಡೆ ನಿಲ್ಲುವುದಿಲ್ಲ. ಅರ್ಧಂಬರ್ಧ ವಿಷಯವನ್ನು ಹಿರಿಯರ ಮುಂದೆ ಹೇಗೆ ಹೇಳಲಿ?”

“ಮುಗಿದ ಮೇಲೆ ಹೇಳಿದರಾಗದೇ?”

“ಮುಗಿಯದ್ದನ್ನು ಹೇಳುವುದಕ್ಕೇ ಆ ಗೋಷ್ಠಿ.”

ವಿಚಾರಿಸಿದಾಗ ತಿಳಿದದ್ದಿಷ್ಟು. ವಾರಕ್ಕೊಮ್ಮೆ ಕಾಫಿಯ ಹೊತ್ತಿನಲ್ಲಿ ಎಲ್ಲರೂ ಕೂಡುವರು. ಆಮಂತ್ರಣಪತ್ರವಿಲ್ಲ, ಅಧ್ಯಕ್ಷರಿಲ್ಲ, ಹಾರತುರಾಯಿಗಳಿಲ್ಲ. ಒಬ್ಬರು ಹಲಗೆಯ ಬಳಿ ನಿಂತು ತಮ್ಮ ಕೆಲಸ ಎಲ್ಲಿ ಸಿಕ್ಕಿಕೊಂಡಿದೆಯೆಂದು ಹೇಳುವರು. ಯಾರು ಬೇಕಾದರೂ ನಡುವೆಯೇ ತಡೆದು ಪ್ರಶ್ನಿಸಬಹುದು.

ಇದನ್ನು ಕೇಳಿದೊಡನೆ ನಮಗೆ ನ್ಯಾಯಶಾಸ್ತ್ರವು ನೆನಪಿಗೆ ಬಂದಿತು. ಗೌತಮಮುನಿಯು ಚರ್ಚೆಯಲ್ಲಿ ಮೂರು ಬಗೆಯನ್ನು ಹೇಳಿರುವನು. ತತ್ತ್ವವನ್ನು ತಿಳಿಯಲು ನಡೆಯುವುದು ವಾದ. ಗೆಲ್ಲಲು ನಡೆಯುವುದು ಜಲ್ಪ. ತನ್ನದೆಂಬ ಪಕ್ಷವೇ ಇಲ್ಲದೆ ಎದುರಾಳಿಯನ್ನು ಖಂಡಿಸುವುದು ವಿತಂಡ. ಲೋಕದಲ್ಲಿ ಕಡೆಯವೆರಡೇ ಹೆಚ್ಚು. ಈ ಗೋಷ್ಠಿಯಾದರೋ ಮೊದಲನೆಯದಕ್ಕೆ ಸೇರಿದುದು.

ಪಾಶ್ಚಾತ್ಯರಲ್ಲಿಯೂ ಇದಕ್ಕೆ ಪ್ರಸಿದ್ಧ ನಿದರ್ಶನವುಂಟು. ರಷ್ಯಾ ದೇಶದ ಕಪಿಟ್ಸ ಎಂಬ ತರುಣ ವಿಜ್ಞಾನಿಯು 1922ರಲ್ಲಿ ಕೇಂಬ್ರಿಜ್ಜಿನಲ್ಲಿ ಇಂಥ ಕೂಟವೊಂದನ್ನು ಆರಂಭಿಸಿದನು. ಮಂಗಳವಾರದ ಸಂಜೆ ಗೆಳೆಯರು ಸೇರುತ್ತಿದ್ದರು. ಎಳೆಯರು ಸಂಕೋಚ ಬಿಟ್ಟು ಬಾಯಿ ತೆರೆಯಲೆಂದು ಕಪಿಟ್ಸನು ಬೇಕೆಂದೇ ತಪ್ಪಾಡುತ್ತಿದ್ದನೆಂದು ಹೇಳುವರು. ಪರಮಾಣುವಿನ ಗರ್ಭದಲ್ಲಿ ನ್ಯೂಟ್ರಾನ್ ಎಂಬ ಕಣವುಂಟೆಂದು ಚಾಡ್ವಿಕ್ಕನು 1932ರ ಫೆಬ್ರವರಿಯಲ್ಲಿ ಗೆಳೆಯರಿಗೆ ವಿವರಿಸಿದ್ದು ಈ ಕೂಟದಲ್ಲಿಯೇ.

ನಮ್ಮ ಬೆಂಗಳೂರಿಗೂ ಹೊಸ ವಿಚಾರವನ್ನು ಬಿಸಿಯಾಗಿರುವಾಗಲೇ ಕೇಳಿದ ಭಾಗ್ಯವುಂಟು. ಸಿ. ವಿ. ರಾಮನ್ನರು ಕೆ. ಎಸ್. ಕೃಷ್ಣನ್ನರೊಡನೆ ದುಡಿದು ಕಲ್ಕತ್ತೆಯಲ್ಲಿ ತಮ್ಮ ಹೊಸ ಕಿರಣವನ್ನು ಖಚಿತಪಡಿಸಿಕೊಂಡದ್ದು 1928ರ ಫೆಬ್ರವರಿ 28ರಂದು. ಹದಿನೇಳೇ ದಿನಗಳ ತರುವಾಯ, ಮಾರ್ಚ್ 16ರಂದು, ಬೆಂಗಳೂರಿನಲ್ಲಿ ದಕ್ಷಿಣ ಭಾರತ ವಿಜ್ಞಾನ ಸಂಘದವರ ಮುಂದೆ ಅದನ್ನು ವಿವರಿಸಿದರು. ಅದು ಔಪಚಾರಿಕ ಉಪನ್ಯಾಸವೇ ಸರಿ. ಆದರೂ ವಿಚಾರವು ಹೊಸದಾಗಿರುವಾಗಲೇ ನಮ್ಮೂರು ಕೇಳಿತು. ನೊಬೆಲ್ ಪಾರಿತೋಷಕವು ಬಂದದ್ದು 1930ರಲ್ಲಿ. ಅವರು 1948ರಲ್ಲಿ ಇಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ವಿಜ್ಞಾನಮಂದಿರದಲ್ಲಿಯೂ ಸಂಶೋಧಕರು ಕೂಡಿ ಚರ್ಚಿಸುವ ಪದ್ಧತಿಯು ಇಂದಿಗೂ ನಡೆದು ಬಂದಿದೆ.

ಇನ್ನು ನಮ್ಮ ಹುಡುಗಿಯ ಸಂಗತಿ. ಗೋಷ್ಠಿ ಮುಗಿದ ಸಂಜೆ ಆಕೆ ನಗುತ್ತ ಬಂದಳು. ಅಳತೆಯು ಕೆಲವು ನಿಮಿಷಗಳಿಗೊಮ್ಮೆ ಏರಿ ಇಳಿಯುವುದೆಂದು ಆಕೆ ಹೇಳುತ್ತಿರುವಾಗ, ಕಡೆಯ ಸಾಲಿನಲ್ಲಿ ಕುಳಿತಿದ್ದ ಯಂತ್ರ ದುರಸ್ತಿಯವರೊಬ್ಬರು, “ನಿಮ್ಮ ಕೋಣೆಯ ಏ.ಸಿ. ಎಷ್ಟು ಹೊತ್ತಿಗೊಮ್ಮೆ ನಿಂತು ಶುರುವಾಗುತ್ತದಮ್ಮಾ?” ಎಂದು ಕೇಳಿದರಂತೆ. ಕೋಣೆಯ ಉಷ್ಣತೆ ಎಳ್ಳಷ್ಟು ಬದಲಾದರೂ ಲೇಸರಿನ ಕಂಪನಸಂಖ್ಯೆಯು ಕದಲುವುದು. ಪರಮಾಣುವಾದರೋ ತನಗೊಪ್ಪುವ ಕಂಪನದ ಬೆಳಕನ್ನಲ್ಲದೆ ಬೇರೆಯದನ್ನು ಸ್ವೀಕರಿಸದು. ಎರಡು ತಿಂಗಳ ಗಂಟು ಒಂದು ಪ್ರಶ್ನೆಗೆ ಸಡಿಲಿತು. ಪ್ರಶ್ನಿಸಿದವರು ಪದವೀಧರರಲ್ಲ, ಅವರ ಪ್ರಶ್ನೆಗೆ ಯಾರೂ ನಗಲಿಲ್ಲ.

ಈ ಮಾತು ನಮ್ಮ ಎದೆಯನ್ನು ಚುಚ್ಚಿತು. ಬಹು ವರ್ಷಗಳ ಹಿಂದೆ ತರಗತಿಯಲ್ಲಿ ನಾವು ಅವಸರದಿಂದ ‘ಪೀತಾಂಬರ’ ಎಂಬುದನ್ನು ಕರ್ಮಧಾರಯವೆಂದು ಬರೆಯಿಸಿದೆವು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು, “ಸಾರ್, ಇಲ್ಲಿ ಅದು ವಿಷ್ಣುವಿನ ಹೆಸರಲ್ಲವೇ? ಬಹುವ್ರೀಹಿಯಾಗಬೇಡವೇ?” ಎಂದನು. ಅವನೇ ಸರಿ. ನಾವು, “ಹೇಳಿದ್ದನ್ನು ಬರೆ” ಎಂದು ಗದರಿ ಕೂಡಿಸಿದೆವು. ಮರುದಿನ ಪಾಠವನ್ನು ತಿದ್ದಿದೆವು, ಅವನ ಹೆಸರನ್ನೆತ್ತಲಿಲ್ಲ. ಆ ವರ್ಷ ಮುಗಿಯುವವರೆಗೆ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಸಮಾಸವನ್ನು ತಿದ್ದುವುದು ಸುಲಭ. ಮುಚ್ಚಿದ ಬಾಯನ್ನು ತೆರೆಯಿಸುವುದು ಸುಲಭವಲ್ಲ.

ಗೃಹಸ್ಥರಾದ ವಾಚಕರಿಗೆ ಪ್ರಯೋಗಶಾಲೆಯ ಗೊಡವೆ ಏಕೆಂದು ತೋರಬಹುದು. ರಾತ್ರಿ ಊಟಕ್ಕೆ ಕುಳಿತಾಗ ಮಗುವು ಅರೆತಿಳಿದ ವಿಷಯವೊಂದನ್ನು ಹೇಳಹೊರಟರೆ, ನಾವು “ಮೊದಲು ಸರಿಯಾಗಿ ಕಲಿತು ಬಾ” ಎನ್ನುವೆವೋ, “ಮುಂದೇನಾಯಿತು?” ಎನ್ನುವೆವೋ? ಪ್ರತಿ ಮನೆಯಲ್ಲಿಯೂ ಇಂಥ ಗೋಷ್ಠಿಗೆ ಸ್ಥಳವಿದೆ, ಖರ್ಚೇನೂ ಇಲ್ಲ. ಹಿರಿಯರು ತಮ್ಮ ತಪ್ಪನ್ನು ಒಪ್ಪಿಕೊಳ್ಳಲು ಸಿದ್ಧರಿದ್ದರೆ ಸಾಕು. ನಾವು ಅದನ್ನು ಕಲಿತದ್ದು ನಿವೃತ್ತರಾದ ಮೇಲೆ. ವಾಚಕರು ಅಷ್ಟು ತಡಮಾಡದಿರಲಿ.