ಚಿಲ್ಲರೆಗೆ ಕರಗುವ ಗೆಲುವು

ಪ್ಯಾರಿಮ್ಯುಚುಯಲ್ ಪದ್ಧತಿಯ ಕುದುರೆ ರೇಸಿನಲ್ಲಿ ಬಾಜಿ ಕಟ್ಟಿದವರೆಲ್ಲರ ಹಣ ಒಂದೇ ಪೂಲ್‌ಗೆ ಬೀಳುತ್ತದೆ. ಬುಕ್ಕಿಯ ವಿರುದ್ಧ ಆಡುವ ಆಟ ಇದಲ್ಲ. ಸೋತವರ ದುಡ್ಡೇ ಗೆದ್ದವರಿಗೆ ಹಂಚಿಕೆಯಾಗುತ್ತದೆ. 1860ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಇದನ್ನು ರೂಢಿಗೆ ತಂದ ಜೋಸೆಫ್ ಒಲ್ಲೆರ್, ಮುಂದೆ ಮೂಲಾಂ ರೂಜ್ ಎಂಬ ನೃತ್ಯಶಾಲೆಯನ್ನು ಕಟ್ಟಿದವರಲ್ಲೂ ಒಬ್ಬ. ಹಂಚುವ ಮೊದಲು ರೇಸ್‌ಕೋರ್ಸ್, ಸರ್ಕಾರ ಮುಂತಾದವರ ಪಾಲನ್ನು ತೆಗೆದಿಡುತ್ತಾರೆ. ಇದು ಎಲ್ಲರೂ ಬಲ್ಲ ಕಡಿತ. ಇದರ ಬೆನ್ನಿಗೇ ಇನ್ನೊಂದು ಕಡಿತವಿದೆ. ಅದರ ಹೆಸರು ಬ್ರೇಕೇಜ್.

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ನಡೆದುಬಂದ ರೂಢಿಯಂತೆ, ಡಾಲರಿಗೆ ಇಷ್ಟು ಎಂದು ಲೆಕ್ಕ ಬಂದ ಮೊತ್ತದಲ್ಲಿ ಹತ್ತು ಸೆಂಟಿನ ಮಟ್ಟಕ್ಕೆ ಸರಿಹೋಗದ ಚಿಲ್ಲರೆಯನ್ನು ಬಿಟ್ಟುಬಿಡುತ್ತಾರೆ. ಪೂಲ್‌ನಲ್ಲಿ 1,00,000 ಡಾಲರ್ ಸೇರಿದೆ, ಕಡಿತ ಶೇ 16 ಎಂದುಕೊಂಡರೆ ಹಂಚಲು ಉಳಿಯುವುದು 84,000. ಗೆದ್ದ ಫೇವರಿಟ್ ಕುದುರೆಯ ಮೇಲೆ 60,500 ಡಾಲರ್ ಬಿದ್ದಿದ್ದರೆ ಡಾಲರಿಗೆ 1.388 ಬರಬೇಕು. ಕೈಗೆ ಸಿಗುವುದು 1.30. ಎಂಟು ಚಿಲ್ಲರೆ ಸೆಂಟು ತಾನೇ ಎನ್ನಬಹುದು. ಆದರೆ ಲಾಭ ಇದ್ದದ್ದೇ 38.8 ಸೆಂಟ್, ಅದರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಹೋಯಿತು. ಹೀಗೆ ಉಳಿದ ಚಿಲ್ಲರೆ ಒಟ್ಟು 5,350 ಡಾಲರ್. ಘೋಷಿಸಿದ ಕಡಿತ ಶೇ 16, ನಿಜಕ್ಕೂ ಕಡಿದದ್ದು ಶೇ 21ಕ್ಕೂ ಹೆಚ್ಚು.

ಅದೇ ರೇಸಿನಲ್ಲಿ ಯಾರೂ ನಂಬದ ಕುದುರೆಯೊಂದು, 2,990 ಡಾಲರ್ ಮಾತ್ರ ಬಿದ್ದದ್ದು, ಗೆದ್ದಿದ್ದರೆ 28.09ರ ಬದಲು 28.00 ಸಿಗುತ್ತಿತ್ತು. ಈ ನಷ್ಟ ಯಾರ ಕಣ್ಣಿಗೂ ಬೀಳದು. ಬ್ರೇಕೇಜಿನ ಪೆಟ್ಟು ತಿನ್ನುವವರು ಫೇವರಿಟ್‌ಗಳನ್ನು ನಂಬಿದವರು, ಸಣ್ಣ ಮೊತ್ತವೇ ಬರುವ ಪ್ಲೇಸ್ (ಕುದುರೆ ಮೊದಲೆರಡರಲ್ಲಿ ಬಂದರೆ ಸಾಕು) ಮತ್ತು ಶೋ (ಮೊದಲ ಮೂರರಲ್ಲಿ ಬಂದರೆ ಸಾಕು) ಬಾಜಿ ಕಟ್ಟುವವರು, ತೆಳುವಾದ ಲಾಭದ ಮೇಲೆ ದಿನವಿಡೀ ಆಡುವ ವೃತ್ತಿಪರರು. ಉಳಿದ ದುಡ್ಡು ಯಾರಿಗೆ ಎಂಬುದನ್ನು ಆಯಾ ರಾಜ್ಯದ ಕಾನೂನು ಹೇಳುತ್ತದೆ: ಕೆಲವೆಡೆ ರೇಸ್‌ಕೋರ್ಸಿಗೆ, ಕೆಲವೆಡೆ ಬಹುಮಾನ ನಿಧಿಗೆ ಅಥವಾ ಖಜಾನೆಗೆ.

ಕಿಟಕಿಯಲ್ಲಿ ಕೂತ ಗುಮಾಸ್ತ ನಾಣ್ಯ ಎಣಿಸಿ ಕೊಡುತ್ತಿದ್ದ ಕಾಲಕ್ಕೆ ಈ ರೂಢಿ ತಕ್ಕುದಾಗಿತ್ತು. ಉದ್ದನೆಯ ಸಾಲು, ಮುಂದಿನ ರೇಸಿಗೆ ಕೆಲವೇ ನಿಮಿಷ. ಸೆಂಟು ಸೆಂಟು ಎಣಿಸಲು ಪುರುಸೊತ್ತೆಲ್ಲಿ? ಈಗ ಕಂಪ್ಯೂಟರೇ ಹಣವನ್ನು ನೇರ ಖಾತೆಗೆ ಜಮಾ ಮಾಡುವಾಗ ಆ ನೆಪ ನಿಲ್ಲುವುದಿಲ್ಲ. ಕೆಂಟಕಿ ರಾಜ್ಯ 2022ರಲ್ಲಿ ಕಾನೂನು ಬದಲಿಸಿ, ಒಂದು ಸೆಂಟಿಗಿಂತ ಕಡಿಮೆಯ ಚಿಲ್ಲರೆಯನ್ನಷ್ಟೇ ಬಿಡುವ ಲೆಕ್ಕಕ್ಕೆ ಬಂತು. ಮೇಲಿನ ಫೇವರಿಟ್‌ಗೆ ಅಲ್ಲಿ 1.38 ಸಿಗುತ್ತದೆ, ಉಳಿಯುವ ಚಿಲ್ಲರೆ 5,350ರಿಂದ 510 ಡಾಲರಿಗೆ ಇಳಿಯುತ್ತದೆ.

ಲೆಕ್ಕ ಆಟಗಾರನ ಕಡೆಗೆ ವಾಲುವ ಸಂದರ್ಭವೂ ಒಂದಿದೆ. ಗೆದ್ದ ಟಿಕೆಟ್ಟಿಗೆ ಇಷ್ಟಾದರೂ ಕೊಡಲೇಬೇಕು ಎಂಬ ಕನಿಷ್ಠ ಮೊತ್ತವನ್ನು, ಸಾಮಾನ್ಯವಾಗಿ ಎರಡು ಡಾಲರಿಗೆ 2.10, ಕಾನೂನು ನಿಗದಿ ಮಾಡುತ್ತದೆ. ಎಲ್ಲರೂ ಒಂದೇ ಕುದುರೆಯ ಮೇಲೆ ಮುಗಿಬಿದ್ದು ಪೂಲ್‌ನಲ್ಲಿ ಅಷ್ಟು ಹಣ ಇಲ್ಲವಾದರೆ, ಕೊರತೆಯನ್ನು ರೇಸ್‌ಕೋರ್ಸ್ ತನ್ನ ಜೇಬಿನಿಂದ ತುಂಬಬೇಕು. ಸೋಲದ ಕುದುರೆ ಕಣದಲ್ಲಿರುವ ದಿನ ಕೆಲವು ರೇಸ್‌ಕೋರ್ಸ್‌ಗಳು ಶೋ ಬಾಜಿಯನ್ನೇ ಮುಚ್ಚಿಬಿಡುವುದು ಈ ಭಯಕ್ಕೆ.