'ಬರ್ಸರ್ಕ್'ನ ಜಾಡ್: 300 ವರ್ಷವಾದರೂ ಸಾಯದ ಈ ರಾಕ್ಷಸ ಯೋಧ ಯಾರು?

ಕೆಂಟಾರೊ ಮಿಯುರಾ 1989ರಲ್ಲಿ ಆರಂಭಿಸಿದ ಜಪಾನಿ ಮಾಂಗಾ 'ಬರ್ಸರ್ಕ್'ನಲ್ಲಿ ನಾಸ್ಫೆರಾಟು ಜಾಡ್ ಹೆಸರು ಕೇಳಿದರೆ ಸೈನಿಕರು ನಡುಗುತ್ತಾರೆ. ಸುಮಾರು 300 ವರ್ಷಗಳಿಂದ ರಣರಂಗದಲ್ಲೇ ಬದುಕಿರುವ ಈತನಿಗೆ ಸಾವಿಲ್ಲ ಎಂಬುದು ಅವರ ನಂಬಿಕೆ.

ಜಾಡ್‌ಗೆ ಈ ಶಕ್ತಿ ಬಂದದ್ದು ಹೇಗೆ? ಈ ಕಥಾಲೋಕದಲ್ಲಿ ತನ್ನ ಪ್ರೀತಿಪಾತ್ರರನ್ನು 'ಗಾಡ್ ಹ್ಯಾಂಡ್' ಎಂಬ ದುಷ್ಟಶಕ್ತಿಗಳಿಗೆ ಬಲಿ ಕೊಟ್ಟ ಮನುಷ್ಯ 'ಅಪಾಸಲ್' ಆಗುತ್ತಾನೆ. ಜಾಡ್ ಅಂಥವರಲ್ಲಿ ಒಬ್ಬ. ಕೆರಳಿದರೆ ಕೊಂಬು, ಬಾವಲಿಯಂಥ ರೆಕ್ಕೆಗಳುಳ್ಳ ದೈತ್ಯ ಮೃಗವಾಗುತ್ತಾನೆ. ತುಂಡಾದ ತೋಳನ್ನೂ ಮತ್ತೆ ಜೋಡಿಸಿಕೊಳ್ಳಬಲ್ಲ.

ಅವನ ಹುಡುಕಾಟ ಸರಿಸಮಾನ ಎದುರಾಳಿಗಾಗಿ. ಹಾಗಾಗಿಯೇ ತನ್ನನ್ನು ಗಾಯಗೊಳಿಸಿದ ಗಟ್ಸ್‌ನನ್ನು ಕಂಡು ಹಿಗ್ಗುತ್ತಾನೆ. ಆದರೆ ಗ್ರಿಫಿತ್‌ನ ಕೊರಳಲ್ಲಿದ್ದ ಕೆಂಪು ಬೆಹೆಲಿಟ್ ಕಂಡೊಡನೆ ಕಾಳಗ ನಿಲ್ಲಿಸುತ್ತಾನೆ. ಗ್ರಿಫಿತ್‌ನ ಮಹತ್ವಾಕಾಂಕ್ಷೆ ಕುಸಿದ ದಿನ, ನಿಜವಾದ ಗೆಳೆಯನಾಗಿದ್ದರೆ ನಿನಗೆ ಸಾವು ಖಚಿತ ಎಂದು ಗಟ್ಸ್‌ಗೆ ಎಚ್ಚರಿಸುತ್ತಾನೆ. ಮುಂದೆ ಗ್ರಿಫಿತ್ ತನ್ನ ಸಂಗಡಿಗರನ್ನೇ ಬಲಿ ಕೊಟ್ಟಾಗ ಆ ಮಾತಿನ ಅರ್ಥ ತಿಳಿಯುತ್ತದೆ. ಕೊನೆಗೆ ಜಾಡ್ ಕೂಡ ಅದೇ ಗ್ರಿಫಿತ್‌ನ ಸೇನೆ ಸೇರುತ್ತಾನೆ.

ಮಿಯುರಾ 2021ರಲ್ಲಿ ನಿಧನರಾದರು. ಗೆಳೆಯ ಕೌಜಿ ಮೋರಿ ಅವರ ಮೇಲ್ವಿಚಾರಣೆಯಲ್ಲಿ 2022ರಿಂದ ಕಥೆ ಮುಂದುವರಿದಿದೆ.