ನಗಿಸುವ ಕಾರ್ಟೂನು, ಅಗಲಿದ ಅಜ್ಜಿ ಮತ್ತು ಮಗುವಿನ ಮನಸ್ಸು

ಮಕ್ಕಳು ಟಿವಿಯ ಮುಂದೆ ಕುಳಿತು ಬಿದ್ದುಬಿದ್ದು ನಗುವುದನ್ನು ಕಂಡಾಗ, ಇದೆಲ್ಲ ಕೆಲಸಕ್ಕೆ ಬಾರದ ಹುಚ್ಚಾಟವೆಂದು ಹಿರಿಯರು ತಳ್ಳಿಹಾಕುವುದುಂಟು. ಆದರೆ ನಗೆಯ ಜೊತೆಯಲ್ಲಿಯೇ ಗಂಭೀರ ವಿಚಾರವನ್ನು ತಿಳಿಸುವ ಪದ್ಧತಿ ನಮ್ಮ ನಾಡಿಗೆ ಹೊಸದಲ್ಲ. ದೊಡ್ಡಾಟದಲ್ಲಿ ಸಾರಥಿಯೂ ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತನೂ ಜನರನ್ನು ನಗಿಸುತ್ತಾರೆ. ಅದೇ ರಾತ್ರಿ ಅದೇ ಆಟದಲ್ಲಿ ಅಗಲಿಕೆ, ಮರಣ, ಧರ್ಮಸಂಕಟಗಳೂ ಬರುತ್ತವೆ. ನಕ್ಕು ಹಗುರಾದ ಮನಸ್ಸು ದುಃಖದ ಮಾತನ್ನು ಅಂಜದೆ ಕೇಳುತ್ತದೆ.

ರಂಗಂಪೇಟೆ, ಸುರಪುರದ ಮನೆಗಳಲ್ಲಿಯೂ ಮಕ್ಕಳಿಗೆ ಚಿರಪರಿಚಿತವಾದ ಜಪಾನಿನ ‘ಡೋರೇಮಾನ್’ ಕಾರ್ಟೂನಿನಲ್ಲಿ ಇಂತಹದೊಂದು ಕಥೆಯಿದೆ. ಫುಜಿಕೊ ಎಫ್. ಫುಜಿಯೊ ಅವರು 1970ರಲ್ಲಿ ಚಿತ್ರಕಥೆಯಾಗಿ ರಚಿಸಿದ ಇದು 2000ದಲ್ಲಿ ಕಿರುಚಿತ್ರವಾಯಿತು. 2020ರ ಚಲನಚಿತ್ರವೊಂದಕ್ಕೂ ಆಧಾರವಾಯಿತು. ನೋಬಿತಾ ಎಂಬ ದಡ್ಡ ಹುಡುಗನಿಗೆ, ತೀರಿಹೋದ ಅಜ್ಜಿ ಹೊಲಿದು ಸರಿಪಡಿಸಿದ್ದ ಹಳೆಯ ಕರಡಿಗೊಂಬೆ ಸಿಗುತ್ತದೆ. ಅಜ್ಜಿಯನ್ನು ನೋಡಲೇಬೇಕೆಂದು ಅವನು ಕಾಲಯಂತ್ರವನ್ನೇರಿ ಹಿಂದಿನ ಕಾಲಕ್ಕೆ ಹೋಗುತ್ತಾನೆ. ಅಲ್ಲಿ ಹೆತ್ತ ತಾಯಿಯೇ ಅವನನ್ನು ಗುರುತಿಸದೆ, ಯಾರೋ ಅಪರಿಚಿತ ಹುಡುಗನೆಂದು ಗದರುತ್ತಾಳೆ. ನೋಡುವ ಮಕ್ಕಳು ನಗುತ್ತಾರೆ. ಆದರೆ ಅಜ್ಜಿ ಅವನನ್ನು ನಂಬುತ್ತಾಳೆ. ಮೊಮ್ಮಗ ಶಾಲೆಗೆ ಹೋಗುವುದನ್ನು ಕಾಣಬೇಕೆಂಬ ಆಕೆಯ ಆಸೆಯನ್ನು ಅವನು ಶಾಲೆಯ ಚೀಲ ತಂದು ತೀರಿಸುತ್ತಾನೆ. ಆಕೆ, ಇನ್ನು ನಿನ್ನ ಹೆಂಡತಿಯನ್ನೂ ನೋಡುವ ಆಸೆ ಎನ್ನುತ್ತಲೇ, ಓಡಿಹೋಗಿ ಗೆಳತಿಯೊಡನೆ ಮದುವೆಯ ಮಾತೆತ್ತುತ್ತಾನೆ! ನಗುತ್ತ ನಗುತ್ತಲೇ ಕಣ್ಣು ಒದ್ದೆಯಾಗುವ ಕಥೆಯಿದು.

ಇದನ್ನು ನೋಡಿದ ಮಗು, “ನಮ್ಮ ಅಜ್ಜಿಯನ್ನೂ ಹಾಗೆ ಕರೆದುಕೊಂಡು ಬರಬಹುದೇ?” ಎಂದು ಕೇಳಿದರೆ ಅದನ್ನು ಬಾಲಿಶವೆಂದು ನಕ್ಕು ಬಿಡಬಾರದು. ಮರಣದ ಅರ್ಥ ಮಕ್ಕಳಿಗೆ ಒಮ್ಮೆಲೇ ತಿಳಿಯುವುದಿಲ್ಲ. ಹಂಗೇರಿಯ ಮರಿಯಾ ನಾಗಿ ಎಂಬ ಸಂಶೋಧಕಿ ಮಕ್ಕಳನ್ನು ಮಾತನಾಡಿಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಹಂತಗಳನ್ನು ಗುರುತಿಸಿದರು. ಐದು ವರ್ಷದೊಳಗಿನ ಮಗುವಿಗೆ ಮರಣವೆಂದರೆ ನಿದ್ರೆ ಅಥವಾ ಪ್ರಯಾಣ. ಹೋದವರು ತಿರುಗಿ ಬರುತ್ತಾರೆಂಬ ಭಾವನೆ. ಸುಮಾರು ಒಂಬತ್ತು ವರ್ಷದ ಹೊತ್ತಿಗೆ, ಮರಣವು ಎಲ್ಲರಿಗೂ ಬರತಕ್ಕದ್ದು, ಅದರಿಂದ ಮರಳುವಿಕೆ ಇಲ್ಲವೆಂಬ ಅರಿವು ಮೂಡುತ್ತದೆ. ಈಚಿನ ಅಧ್ಯಯನಗಳ ಪ್ರಕಾರ ಅನೇಕ ಮಕ್ಕಳು ಇದನ್ನು ಇನ್ನೂ ಮೊದಲೇ ಗ್ರಹಿಸುತ್ತಾರೆ. ಹೀಗಾಗಿ ಹತ್ತರ ಬಾಲಕನಿಗೆ ಕಾಲಯಂತ್ರವು ಬರಿಯ ಕಲ್ಪನೆ. ನಾಲ್ಕರ ಕೂಸಿಗೆ ಅದು ನಿಜವಾದ ಉಪಾಯ.

ನಮ್ಮ ಮನೆಗಳಲ್ಲಿ ಹಿರಿಯರು ಲಿಂಗೈಕ್ಯರಾದಾಗ ಮಗುವಿನ ಗೊಂದಲ ಇನ್ನೂ ಹೆಚ್ಚಾಗಬಹುದು. ವಿಭೂತಿ ಧರಿಸಿ, ಹೂಮಾಲೆ ಹಾಕಿಕೊಂಡು ಕುಳಿತಿರುವ ಅಜ್ಜಿಯನ್ನು ಮಗು ಕಾಣುತ್ತದೆ. ಕುಳಿತವರು ಎಚ್ಚರವಾಗಿರುತ್ತಾರೆಂಬುದೇ ಅದರ ಅನುಭವ. ಅನಂತರ ಮಣ್ಣು ಮಾಡಿ ಬಂದರೆಂದು ಕೇಳಿದಾಗ, ಅಜ್ಜಿ ಅಲ್ಲಿ ಹೇಗೆ ಉಸಿರಾಡುತ್ತಾಳೆ, ಏನು ಉಣ್ಣುತ್ತಾಳೆ ಎಂಬ ಚಿಂತೆ ಅದನ್ನು ಕಾಡುತ್ತದೆ. ಕೇಳಲು ಹೋದರೆ “ಸುಮ್ಮನಿರು” ಎಂಬ ಉತ್ತರ. ಹೇಳಲಾಗದ ದುಃಖ ಆಗ ದೇಹದ ಮೂಲಕ ಹೊರಬರುತ್ತದೆ. ಹೊಟ್ಟೆನೋವು, ತಲೆನೋವು, ಊಟ ಬೇಡವೆನ್ನುವುದು, ನಿಂತುಹೋಗಿದ್ದ ಹಾಸಿಗೆಯಲ್ಲಿ ಮೂತ್ರ ಮಾಡುವ ರೂಢಿ ಮರಳುವುದು, ತಾಯಿಯ ಸೆರಗು ಬಿಡದಿರುವುದು ಇದರ ಲಕ್ಷಣಗಳು. ಮಗು ಒಂದು ಗಳಿಗೆ ಅತ್ತು ಮರುಗಳಿಗೆ ಆಟಕ್ಕೆ ಓಡಿದರೆ ಅದಕ್ಕೆ ದುಃಖವಿಲ್ಲವೆಂದು ತಿಳಿಯಬಾರದು. ಮಕ್ಕಳು ದುಃಖಿಸುವ ರೀತಿಯೇ ಅದು.

ಆದ್ದರಿಂದ ಪಾಲಕರು ಈ ಸಂಗತಿಗಳನ್ನು ಲಕ್ಷ್ಯದಲ್ಲಿಡಬೇಕು.

1. ಸ್ಪಷ್ಟವಾಗಿ ಹೇಳಿರಿ. ‘ಅಜ್ಜಿ ಮಲಗಿದ್ದಾಳೆ’ ಎಂದರೆ ಮಗು ನಿದ್ರೆಗೆ ಅಂಜುತ್ತದೆ. ‘ಊರಿಗೆ ಹೋಗಿದ್ದಾಳೆ’ ಎಂದರೆ ಬಾಗಿಲು ಕಾಯುತ್ತದೆ. ‘ದೇವರು ಕರೆದುಕೊಂಡ’ ಎಂದರೆ ದೇವರಿಗೇ ಹೆದರುತ್ತದೆ. ಅಜ್ಜಿ ತೀರಿಕೊಂಡಳು, ಆಕೆಯ ಉಸಿರು ನಿಂತಿದೆ, ಈಗ ಹಸಿವಿಲ್ಲ, ನೋವಿಲ್ಲ, ಮರಳಿ ಬರುವುದಿಲ್ಲ ಎಂದು ಮೆಲ್ಲಗೆ ತಿಳಿಸಬೇಕು. ಲಿಂಗೈಕ್ಯವೆಂಬ ಮಾತಿನ ಅರ್ಥವನ್ನು ಇದಾದ ಮೇಲೆ ಹೇಳಿದರೆ ಅದು ಮನಸ್ಸಿನಲ್ಲಿ ನೆಲೆಗೊಳ್ಳುತ್ತದೆ.

2. ಅಂತ್ಯಕ್ರಿಯೆಗೆ ಕರೆದೊಯ್ಯುವುದಾದರೆ, ಅಲ್ಲಿ ಏನೇನು ಕಾಣುವುದೆಂದು ಮೊದಲೇ ಹೇಳಿರಿ. ಮಗು ಒಲ್ಲೆನೆಂದರೆ ಒತ್ತಾಯ ಬೇಡ.

3. ಕಾರ್ಟೂನನ್ನು ಜೊತೆಯಲ್ಲಿ ಕುಳಿತು ನೋಡಿರಿ. ಮಗು ನಕ್ಕಾಗ ನೀವೂ ನಗಿರಿ. ಮುಗಿದ ಮೇಲೆ, “ಅವನಿಗೆ ಅಜ್ಜಿಯ ನೆನಪು ಯಾಕೆ ಬಂತು?” ಎಂದು ಕೇಳಿರಿ. ತನ್ನ ದುಃಖವನ್ನು ಹೇಳಲಾರದ ಮಗು ನೋಬಿತಾನ ದುಃಖವನ್ನು ಹೇಳುತ್ತದೆ. ಕಾಲಯಂತ್ರ ಕಥೆಯಲ್ಲಿ ಮಾತ್ರ ಇದೆ, ಅಜ್ಜಿ ಹೊಲಿದ ಕೌದಿ ಮತ್ತು ಆಕೆಯ ನೆನಪು ನಮ್ಮಲ್ಲಿಯೇ ಇವೆ ಎಂಬ ಮಾತು ಮನೆಯವರಿಂದಲೇ ಬರಬೇಕು. ಅದನ್ನು ಟಿವಿ ಹೇಳಲಾರದು.

4. ಮಿತಿಯಿರಲಿ. ಭಾರತೀಯ ಮಕ್ಕಳ ತಜ್ಞರ ಸಂಸ್ಥೆಯ ಮಾರ್ಗಸೂಚಿಯಂತೆ 2 ವರ್ಷದೊಳಗಿನವರಿಗೆ ಟಿವಿ, ಮೊಬೈಲು ಬೇಡ. 2ರಿಂದ 5 ವರ್ಷದವರಿಗೆ ಹಿರಿಯರ ಸಮ್ಮುಖದಲ್ಲಿ ದಿನಕ್ಕೆ ಹೆಚ್ಚೆಂದರೆ 1 ಗಂಟೆ. 5ರಿಂದ 10 ವರ್ಷದವರಿಗೆ 2 ಗಂಟೆಗಿಂತ ಕಡಿಮೆ. ಅಳುವ ಮಗುವಿನ ಕೈಗೆ ಮೊಬೈಲು ಕೊಟ್ಟರೆ ಅಳು ನಿಲ್ಲಬಹುದು, ದುಃಖ ನಿಲ್ಲದು.

ಈ ಲಕ್ಷಣಗಳು ವಾರಗಟ್ಟಲೆ ಮುಂದುವರಿದರೆ, ಶಾಲೆಗೆ ಹೋಗಲು ಮಗು ಒಪ್ಪದಿದ್ದರೆ, ಅಥವಾ ತಾನೂ ಅಜ್ಜಿಯ ಬಳಿಗೆ ಹೋಗುವೆನೆಂದು ಮತ್ತೆ ಮತ್ತೆ ನುಡಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ದುಃಖವನ್ನು ಮಕ್ಕಳಿಂದ ಮುಚ್ಚಿಡುವುದು ಪ್ರೀತಿಯಿಂದಲೇ ಆದರೂ, ಅದರಿಂದ ಮಗು ತನ್ನ ದುಃಖದಲ್ಲಿ ಒಂಟಿಯಾಗುತ್ತದೆ. ಮಗು ಕೇಳಿದ ಪ್ರಶ್ನೆಗೆ ಆ ದಿನವೇ, ಅದಕ್ಕೆ ತಿಳಿಯುವ ಮಾತಿನಲ್ಲಿ, ನಿಜವಾದ ಉತ್ತರ ಕೊಡುವುದೇ ಮೊದಲ ಔಷಧ.